ಸ್ಪೆಲ್ಲಿಂಗ್ ಉರು ಹೊಡೆಯಬೇಡಿ, ಪದ ಬಂದ ದಾರಿ ಹಿಡಿಯಿರಿ

ಮಡಿಕೇರಿಯಿಂದ ವಿರಾಜಪೇಟೆ ಕಡೆ ಹೊರಡಿ, ಕುಶಾಲನಗರದ ಕಡೆ ಹೊರಡಿ, ರಸ್ತೆ ಬದಿಯಲ್ಲಿ ಹೋಮ್‌ಸ್ಟೇ ಬೋರ್ಡುಗಳದ್ದೇ ಸಾಲು. ಅಕಾಮಡೇಶನ್ ಅನ್ನೋ ಒಂದೇ ಪದಕ್ಕೆ ಅಲ್ಲಿ ಎಷ್ಟೊಂದು ವೇಷ! ಒಂದರಲ್ಲಿ 'ಸಿ' ಕಡಿಮೆ, ಇನ್ನೊಂದರಲ್ಲಿ 'ಎಂ' ಕಡಿಮೆ, ಮತ್ತೊಂದರಲ್ಲಿ ಎರಡೂ ಕಡಿಮೆ. ಬರೆದವರನ್ನು ನಗಾಡುವ ಹಾಗಿಲ್ಲ. ಕಿವಿಗೆ ಕೇಳಿಸುವುದು ಒಂದೇ 'ಕ', ಒಂದೇ 'ಮ'. ಬರೆಯಬೇಕಾದ್ದು ಮಾತ್ರ ಎರಡೆರಡು.

ಬೋರ್ಡು, ಮೆನು ಬರೆಸುವವರು ಮತ್ತು ಮಕ್ಕಳಿಗೆ ಮನೆಯಲ್ಲಿ ಡಿಕ್ಟೇಶನ್ ಕೊಡುವ ಅಪ್ಪ ಅಮ್ಮಂದಿರು ಈ ಲೇಖನ ಓದಲಿ ಅಂತ ನನ್ನ ಆಸೆ. ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ತಲೆಬುಡ ಇಲ್ಲ ಅಂತ ಎಲ್ಲರೂ ಬೈಯುತ್ತಾರೆ. ನನ್ನ ಪ್ರಕಾರ ಬುಡ ಇದೆ, ನಾವು ಅಲ್ಲಿ ಅಗೆದು ನೋಡುವುದಿಲ್ಲ ಅಷ್ಟೆ. ಪದ ಯಾವ ದಾರಿಯಲ್ಲಿ ಬಂತು ಅಂತ ಗೊತ್ತಾದರೆ ಅಕ್ಷರಗಳು ತಾವಾಗಿಯೇ ನೆನಪಿನಲ್ಲಿ ಕೂರುತ್ತವೆ.

ಮೊದಲು ಕಿವಿಯನ್ನು ನಂಬುವುದು ಬಿಡಿ

ಕೇಳಿದ್ದನ್ನೇ ಬರೆಯುವುದು ಕನ್ನಡದವರಿಗೆ ರಕ್ತಗತ. ಹಳಗನ್ನಡದಲ್ಲಿ 'ಪಂದಿ', 'ಪುಳಿ' ಅಂತ ಇತ್ತು. ನಾಲಿಗೆ ಬದಲಾದಾಗ ನಾವು ಬರಹವನ್ನೂ ಬದಲಾಯಿಸಿಕೊಂಡೆವು: ಹಂದಿ, ಹುಳಿ. ಕೊಡವರ ಮಾತಾದ ಕೊಡವ ತಕ್ಕ್ ಆ ಹಳೆಯ 'ಪ'ವನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೇ ನಮ್ಮಲ್ಲಿ ಪಂದಿ ಕರಿ, ಹಣ್ಣಿನ ರಸದ ಹುಳಿಗೆ ಕಾಚಂಪುಳಿ. ಈಗ ಯೋಚಿಸಿ: 'ಪಂದಿ' ಅಂತ ಬರೆದು 'ಹಂದಿ' ಅಂತ ಓದಬೇಕು ಅನ್ನೋ ನಿಯಮ ಕನ್ನಡದಲ್ಲಿ ಇದ್ದಿದ್ದರೆ? ಇಂಗ್ಲಿಷ್ ಮಾಡಿಕೊಂಡಿದ್ದು ಅದನ್ನೇ.

ಕುದುರೆ ಸವಾರ ಯೋಧ ಅನ್ನೋ ಅರ್ಥದ 'ನೈಟ್' ನೋಡಿ. ಕೆ-ಎನ್-ಐ-ಜಿ-ಎಚ್-ಟಿ. ಒಂದು ಕಾಲಕ್ಕೆ ಆ ಕೆ, ಜಿ, ಎಚ್ ಎಲ್ಲಕ್ಕೂ ಬಾಯಲ್ಲಿ ಕೆಲಸ ಇತ್ತು. ಹೆಚ್ಚುಕಡಿಮೆ 'ಕ್ನಿಹ್ಟ್' ಅನ್ನುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಯಂತ್ರ ಹೂಡಿದ. ಪುಸ್ತಕಗಳು ಹರಡಿದ ಹಾಗೆ ಬರಹ ನಿಧಾನವಾಗಿ ಗಟ್ಟಿಯಾಯಿತು. ಆದರೆ ಸುಮಾರು 1400ರಿಂದ 1700ರ ತನಕ ದೀರ್ಘ ಸ್ವರಗಳ ಉಚ್ಚಾರವೇ ಜಾಗ ಬದಲಿಸುತ್ತಿತ್ತು. ಹೆಸರು ಅನ್ನೋ ಅರ್ಥದ 'ನೇಮ್' ಆಗ ಬಾಯಲ್ಲಿ ನಮ್ಮ 'ನಾಮ'ದ ಹತ್ತಿರ ಇತ್ತು. 'ಹೌಸ್' ಅನ್ನುವುದು 'ಹೂಸ್' ಆಗಿತ್ತು. ಬಾಯಿ ಮುಂದೆ ಹೋಯಿತು, ಅಚ್ಚು ಹಿಂದೆ ಉಳಿಯಿತು. ಹಾಗಾಗಿ ಮೂಕ ಅಕ್ಷರ ಕಂಡರೆ ಬೈಯಬೇಡಿ. ಅದು ಹಿಂದೆ ಮಾತಾಡುತ್ತಿದ್ದ ಅಕ್ಷರ ಇರಬಹುದು. ಎಲ್ಲವೂ ಹಾಗಲ್ಲ, ಕೆಲವು ಬರೀ ಶೋಕಿಗೆ ಬಂದವು. ಅವುಗಳ ಕತೆ ಮುಂದಿದೆ.

ನಿಘಂಟಿನಲ್ಲಿ ಪದಮೂಲದ ಸಾಲು ಓದಿ

ನಾವು ನಿಘಂಟು ತೆಗೆದರೆ ಅರ್ಥ ನೋಡಿ ಮುಚ್ಚಿಬಿಡುತ್ತೇವೆ. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಪ್ರತಿ ಪದದ ಆರಂಭದಲ್ಲೋ ಕೊನೆಯಲ್ಲೋ ಪದಮೂಲದ ಒಂದೆರಡು ಸಾಲು ಇರುತ್ತದೆ. ಫೋನಿನಲ್ಲಾದರೆ ಎಟಿಮ್‌ಆನ್‌ಲೈನ್ ಅನ್ನೋ ತಾಣ ಪುಕ್ಕಟೆ ಸಿಗುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಂಡು ಪದ, ಅದು ಬಂದ ಭಾಷೆ, ಅದರಿಂದ ಉಳಿದ ಅಕ್ಷರ ಬರೆದುಕೊಳ್ಳಿ.

ಅಭ್ಯಾಸಕ್ಕೆ ಮನೆಯ ಪದದಿಂದಲೇ ಶುರು ಮಾಡಿ: ಕಾಫಿ. ಅರಬ್ಬಿಯಲ್ಲಿ ಕಹ್ವಾ, ತುರ್ಕಿಯಲ್ಲಿ ಕಹ್ವೆ. ಅಲ್ಲಿಂದ ಇಟಲಿಯವರ, ಡಚ್ಚರ ಬಾಯಿಗೆ ಬಿತ್ತು. ಇಬ್ಬರ ಬರಹದಲ್ಲೂ ಜೋಡಿ ಎಫ್ ಇದೆ. ಸುಮಾರು 1600ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಹಾಗಾಗಿ ಕಾಫಿಗೆ ಎರಡು ಎಫ್. ಆದರೆ 'ಕೆಫೆ' ಬಂದಿದ್ದು ಫ್ರೆಂಚಿನಿಂದ. ಅವರು ಬರೆಯುವುದು ಒಂದೇ ಎಫ್. ಒಂದೇ ಬೋರ್ಡಿನಲ್ಲಿ ಎರಡೂ ಪದ ಬಂದರೆ ಒಂದಕ್ಕೆ ಜೋಡಿ, ಇನ್ನೊಂದಕ್ಕೆ ಒಂಟಿ.

ಜೋಡಿ ಅಕ್ಷರ ಬಂದ ಕಡೆ ಪದ ಒಡೆಯಿರಿ

ಸತ್ ಮತ್ತು ಜನ ಸೇರಿದರೆ ಸಜ್ಜನ. ಸಂಧಿ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಮುಂದಿನ ಅಕ್ಷರದ ಜೊತೆ ಸೇರಿ 'ತ' ಹೋಗಿ 'ಜ' ಬಂತು, ಜೋಡಿ ಆಯಿತು. ಲ್ಯಾಟಿನ್ನಿನಲ್ಲೂ ಇದೇ ಆಟ. ಅಕಾಮಡೇಶನ್‌ನಲ್ಲಿ ಮೂರು ತುಂಡು ಇವೆ: 'ಆಡ್', 'ಕಾಮ್', 'ಮೋಡ್'. ಆಡ್‌ನ 'ಡಿ' ಮುಂದಿನ 'ಸಿ' ನೋಡಿ ತಾನೂ 'ಸಿ' ಆಯಿತು. ಹಾಗಾಗಿ ಎರಡು ಸಿ. ಕಾಮ್‌ನ ಕೊನೆಯಲ್ಲಿ ಒಂದು ಎಂ, ಮೋಡ್‌ನ ಮೊದಲಲ್ಲಿ ಒಂದು ಎಂ. ಹಾಗಾಗಿ ಎರಡು ಎಂ. ಇಷ್ಟು ಗೊತ್ತಾದ ಮೇಲೆ ಎ-ಸಿ-ಸಿ-ಓ-ಎಂ-ಎಂ-ಓ ತಪ್ಪುವುದು ಕಷ್ಟ.

ಅಟೆಂಡ್, ಅಪ್ಲೈ, ಅಸಿಸ್ಟ್, ಅಕೌಂಟ್ ಎಲ್ಲದರಲ್ಲೂ ಇದೇ ಆಡ್ ವೇಷ ಬದಲಿಸಿ ಕೂತಿದೆ. ಅಡ್ರೆಸ್‌ನಲ್ಲಿ ವೇಷ ಬದಲಿಸಬೇಕಾಗಿಯೇ ಬರಲಿಲ್ಲ, ಎದುರಿಗೆ ಸಿಕ್ಕಿದ್ದೂ 'ಡಿ'ಯೇ. ರೆಕಮೆಂಡ್ ಒಡೆದರೆ 'ರೀ' ಮತ್ತು 'ಕಮೆಂಡ್'. ಅಲ್ಲಿ ಆಡ್ ಇಲ್ಲ, ಹಾಗಾಗಿ ಒಂದೇ ಸಿ, ಎಂ ಮಾತ್ರ ಎರಡು.

ಟ್ರೆಕ್ಕಿಂಗ್‌ನ ಜೋಡಿ 'ಕೆ' ಬೇರೆ ಜಾತಿಯದು. ಟ್ರೆಕ್ ದಕ್ಷಿಣ ಆಫ್ರಿಕಾದ ಡಚ್ ಮೂಲದವರ ಆಫ್ರಿಕಾನ್ಸ್ ಪದ, ಎತ್ತಿನ ಗಾಡಿಯ ದೂರ ಪ್ರಯಾಣಕ್ಕೆ ಬಳಸುತ್ತಿದ್ದದ್ದು. ಒಂದೇ ಸ್ವರ, ಅದರ ನಂತರ ಒಂದೇ ವ್ಯಂಜನ ಇರುವ ಇಂಥ ಚಿಕ್ಕ ಪದಕ್ಕೆ 'ಇಂಗ್' ಹಚ್ಚಿದರೆ ಕೊನೆ ಅಕ್ಷರ ಎರಡಾಗುತ್ತದೆ. ತಡಿಯಂಡಮೋಳ್ ಬೆಟ್ಟ ಹತ್ತಿಸುವ ಗೈಡುಗಳು ದಯವಿಟ್ಟು ಗಮನಿಸಿ.

ಒಂದೇ ಪದ ಎರಡು ದಾರಿಯಲ್ಲಿ ಬಂದಿದೆಯಾ ನೋಡಿ

ಮಡಿಕೇರಿ ಪೇಟೆಯಲ್ಲಿ ಮನೆಯಲ್ಲಿ ಮಾಡಿದ ವೈನ್ ಬಾಟಲಿ ಸಾಲಾಗಿ ಇಟ್ಟಿರುತ್ತಾರೆ. ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ. ಆ ಬಳ್ಳಿಗೂ ಇಂಗ್ಲಿಷಿನಲ್ಲಿ ವೈನ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಕುಡಿಯುವುದಕ್ಕೆ ಡಬ್ಲ್ಯು, ಹಬ್ಬುವುದಕ್ಕೆ ವಿ. ನಮ್ಮವರು ಇದನ್ನು ಅದಲುಬದಲು ಮಾಡುವುದು ಜಾಸ್ತಿ.

ಎರಡರ ಬೇರೂ ಲ್ಯಾಟಿನ್ನಿನ ವೀನುಮ್. ಹಳೆಯ ಲ್ಯಾಟಿನ್ನಿನಲ್ಲಿ 'ವಿ' ಅಕ್ಷರಕ್ಕೆ ತುಟಿ ದುಂಡಗೆ ಮಾಡುವ ಉಚ್ಚಾರ ಇತ್ತು. ಆ ಕಾಲದಲ್ಲೇ ಅದು ಇಂಗ್ಲಿಷರ ಪೂರ್ವಜರ ಬಾಯಿಗೆ ಹೋಗಿ ಡಬ್ಲ್ಯು ಆಗಿ ಉಳಿಯಿತು. ಬಳ್ಳಿಯ ಪದ ಬಹಳ ತಡವಾಗಿ ಫ್ರೆಂಚ್ ಮೂಲಕ ಬಂತು. ಅಷ್ಟರಲ್ಲಿ ಉಚ್ಚಾರ ನಿಜವಾದ 'ವಿ' ಆಗಿತ್ತು. ಮೊದಲು ಬಂದದ್ದಕ್ಕೆ ಡಬ್ಲ್ಯು, ಆಮೇಲೆ ಬಂದದ್ದಕ್ಕೆ ವಿ. ಇಷ್ಟು ನೆನಪಿಟ್ಟರೆ ಸಾಕು.

ಹಾಸ್ಟೆಲ್ ವಾರ್ಡನ್ ಮತ್ತು ಫಾರೆಸ್ಟ್ ಗಾರ್ಡ್ ಕೂಡ ಅಣ್ಣತಮ್ಮಂದಿರೇ. ಫ್ರಾನ್ಸಿನ ಉತ್ತರ ಭಾಗದ ನಾರ್ಮನ್ನರ ಬಾಯಲ್ಲಿ ಇದ್ದ ಡಬ್ಲ್ಯು, ಪ್ಯಾರಿಸ್ ಕಡೆಯವರಿಗೆ 'ಜಿ-ಯು' ಆಗಿತ್ತು. ಇಂಗ್ಲಿಷ್ ಎರಡನ್ನೂ ತಂದಿಟ್ಟುಕೊಂಡಿತು: ವಾರಂಟಿ ಮತ್ತು ಗ್ಯಾರಂಟಿ, ವಾರ್ಡನ್ ಮತ್ತು ಗಾರ್ಡಿಯನ್. ಗಾರ್ಡ್ ಬರೆಯುವಾಗ ನಡುವೆ ಒಂದು 'ಯು' ಸುಮ್ನೆ ಕೂತಿದೆ ಅನ್ನಿಸುತ್ತದೆ ಅಲ್ವಾ? ಅದು ಡಬ್ಲ್ಯುವಿನ ಜಾಗ.

ತೋಟದ ಮಾತುಗಳನ್ನು ಒಮ್ಮೆ ಸೋಸಿ

ಕೊಡಗಿನವರಿಗೆ ಇಂಥ ಪಾಠಕ್ಕೆ ತೋಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೊದಲು ಎಸ್ಟೇಟ್ ಪದವನ್ನೇ ತಗೊಳ್ಳಿ. ಹಳ್ಳಿಯಲ್ಲಿ ಹಿರಿಯರು 'ಇಸ್ಕೂಲು', 'ಇಸ್ಟೇಷನ್ನು' ಅನ್ನುತ್ತಿದ್ದರು, ಈಗಲೂ ಅನ್ನುತ್ತಾರೆ. ಪೇಟೆಯ ಮಕ್ಕಳು ನಗುತ್ತಾರೆ. ಆದರೆ ಲ್ಯಾಟಿನ್ನಿನ ಕೊನೆಗಾಲದವರೂ ಹಳೆಯ ಫ್ರೆಂಚರೂ ಮಾಡಿದ್ದು ಇದನ್ನೇ. 'ಸ್ಟ', 'ಸ್ಕ' ಅಂತ ಶುರುವಾಗುವ ಪದದ ಮುಂದೆ ಒಂದು ಸ್ವರ ಇಟ್ಟುಕೊಂಡರು. ಲ್ಯಾಟಿನ್ನಿನ ಸ್ಟಾಟುಸ್ ಅವರ ಬಾಯಲ್ಲಿ ಎಸ್ಟಾಟ್ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಎಸ್ಟೇಟ್ ಬಂತು, ಮುಂದಿನ 'ಇ' ಉದುರಿದ ರೂಪ ಸ್ಟೇಟ್ ಆಯಿತು. ಸ್ಪೆಷಲ್ ಮತ್ತು ಎಸ್ಪೆಷಲಿ ಜೋಡಿಯೂ ಹಾಗೇ. ಇಸ್ಕೂಲು ಅನ್ನೋ ಅಜ್ಜಿ ದೊಡ್ಡ ಪರಂಪರೆಯವರು ಅಂತ ಮಕ್ಕಳಿಗೆ ಹೇಳಿ.

ಇನ್ನು ಚೆರಿ, ನಮ್ಮಲ್ಲಿ ಕಾಫಿ ಹಣ್ಣಿಗೂ ಹೇಳುವ ಪದ. ಸೀಸನ್ನಿನಲ್ಲಿ ಊರೆಲ್ಲ ರೊಬಸ್ಟಾ ಚೆರಿ ರೇಟಿನದ್ದೇ ಮಾತು. ಉತ್ತರ ಫ್ರಾನ್ಸಿನವರ ಬಾಯಲ್ಲಿ ಅದು 'ಚೆರೀಸ್', ಅದೇ ಏಕವಚನ. ಕೊನೆಯಲ್ಲಿ 'ಸ್' ಕೇಳಿದ ಇಂಗ್ಲಿಷರು ಇದು ಬಹುವಚನ ಅಂದುಕೊಂಡು, 'ಸ್' ಕಿತ್ತು 'ಚೆರಿ' ಮಾಡಿದರು. ಒಂಟಿ ಬೀಜದ ಕಾಫಿಗೆ ಹೇಳುವ ಪೀಬೆರಿಯಲ್ಲಿರುವ 'ಪೀ', ಅಂದರೆ ಬಟಾಣಿ, ಅದಕ್ಕೂ ಇದೇ ಗತಿ. ಮೊದಲು ಅದು 'ಪೀಸ್' ಆಗಿತ್ತು. ನಾವು ಇದರ ಉಲ್ಟಾ: ಎರಡಕ್ಕೆ ಹೇಳುವ 'ಶೂಸ್' ಅನ್ನು ಒಂದು ಅಂದುಕೊಂಡು 'ಶೂಸುಗಳು' ಅನ್ನುತ್ತೇವೆ. ಲೆಕ್ಕ ಸರಿಹೋಯಿತು.

ಪಾರ್ಚ್‌ಮೆಂಟ್ ಇನ್ನೂ ಸೊಗಸು. ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಬೀಜದ ಮೇಲೆ ಗರಿಗರಿ ಪೊರೆ ಉಳಿಯುತ್ತದಲ್ಲ, ಆ ಪೊರೆಯ ಹೆಸರೇ ಕಾಫಿಗೂ ಬಂತು. ಮೂಲದಲ್ಲಿ ಪಾರ್ಚ್‌ಮೆಂಟ್ ಅಂದರೆ ಬರೆಯಲು ಹದ ಮಾಡಿದ ಚರ್ಮ. ಈಗಿನ ತುರ್ಕಿಯಲ್ಲಿದ್ದ ಪರ್ಗಮಮ್ ಅನ್ನೋ ಪಟ್ಟಣದ ಹೆಸರಿನಿಂದ ಬಂದ ಪದ. ಫ್ರೆಂಚರಲ್ಲಿ ಕೊನೆಗೆ 'ಟಿ' ಇರಲಿಲ್ಲ. ಡಾಕ್ಯುಮೆಂಟ್ ಥರದ ಪದಗಳ ಸಹವಾಸದಿಂದ ಇಂಗ್ಲಿಷಿನಲ್ಲಿ 'ಟಿ' ಸೇರಿಕೊಂಡಿತು. ಬರೆಯುವಾಗ ಆ 'ಮೆಂಟ್' ಬಿಡಬೇಡಿ.

ತೋಟದ ರೈಟರ್ ಕತೆ ಬರೆಯುವವರಲ್ಲ, ಲೆಕ್ಕ ಬರೆಯುವವರು. ಈಸ್ಟ್ ಇಂಡಿಯಾ ಕಂಪನಿಯ ಕೆಳಹಂತದ ಗುಮಾಸ್ತರಿಗೆ ರೈಟರ್ ಅನ್ನುತ್ತಿದ್ದರು. ಕೋಲ್ಕತಾದ ರೈಟರ್ಸ್ ಬಿಲ್ಡಿಂಗ್ ಹೆಸರು ಹಾಗೇ ಬಂದದ್ದು. ಇಂಗ್ಲೆಂಡಿನಲ್ಲಿ ಆ ಅರ್ಥ ಹೆಚ್ಚುಕಡಿಮೆ ಮರೆತುಹೋಯಿತು, ನಮ್ಮ ತೋಟಗಳಲ್ಲೂ ಪೊಲೀಸ್ ಠಾಣೆಗಳಲ್ಲೂ ಗಟ್ಟಿಯಾಗಿ ಕೂತಿದೆ. ಮೊದಲಿನ ಡಬ್ಲ್ಯು ಹಿಂದೆ ಉಚ್ಚರಿಸುತ್ತಿದ್ದ ಅಕ್ಷರ. ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದವನು. ಅದರ ಬೇರು ಲ್ಯಾಟಿನ್ನಿನ ಮಾಗಿಸ್ಟರ್. ಇಂಗ್ಲಿಷಿನ ಮಾಸ್ಟರ್, ಅದರಿಂದ ಆದ ನಮ್ಮ ಮೇಷ್ಟ್ರು ಕೂಡ ಅದೇ ಬೇರಿನವರು. ಅಂದರೆ ಶಾಲೆಯ ಮೇಷ್ಟ್ರು, ತೋಟದ ಮೇಸ್ತ್ರಿ ಒಂದೇ ಮನೆತನ.

ಶೋಕಿಗೆ ಸೇರಿದ ಅಕ್ಷರಗಳನ್ನು ಗುರುತಿಸಿ

ಕಾವೇರಿ ನಿಸರ್ಗಧಾಮ ಹೊಳೆ ನಡುವಿನ ದ್ವೀಪ. ಐಲ್ಯಾಂಡ್ ಬರೆಯುವಾಗ 'ಎಸ್' ಯಾಕೆ? ಹಳೆಯ ಇಂಗ್ಲಿಷ್ ಪದದಲ್ಲಿ ಎಸ್ ಇರಲೇ ಇಲ್ಲ. ಲ್ಯಾಟಿನ್ನಿನ ಇನ್ಸುಲಾದಿಂದ ಬಂದ 'ಐಲ್' ಅನ್ನೋ ಬೇರೆ ಪದದಲ್ಲಿ ಇತ್ತು. ಎರಡೂ ನೆಂಟರು ಅಂದುಕೊಂಡು ಇದಕ್ಕೂ ಎಸ್ ತುರುಕಿದರು. ಬಿಲ್ ಬುಕ್ಕಿನ ರಿಸೀಟ್‌ನಲ್ಲಿರುವ 'ಪಿ', ಸಾಲ ಅನ್ನೋ ಅರ್ಥದ ಡೆಟ್‌ನಲ್ಲಿರುವ 'ಬಿ' ಕೂಡ ಹೀಗೆ. ಫ್ರೆಂಚಿನಿಂದ ಬಂದಾಗ ಅವಿಲ್ಲದೆ ಬಂದವು. ಲ್ಯಾಟಿನ್ ಮೂಲ ತೋರಿಸಬೇಕು ಅಂತ ಆಮೇಲೆ ಓದಿದವರು ಸೇರಿಸಿದರು. ಬಾಯಿ ಮಾತ್ರ ಒಪ್ಪಲಿಲ್ಲ. ತಮಾಷೆ ಅಂದರೆ ರಿಸೀಟ್‌ನ ಒಡಹುಟ್ಟಿದ ಡಿಸೀಟ್‌ಗೆ, ಅಂದರೆ ಮೋಸಕ್ಕೆ, ಪಿ ಉಳಿಯಲಿಲ್ಲ.

ಕರ್ನಲ್ ಮನೆಯ ಗೇಟು

ಸೈನ್ಯದವರಿಲ್ಲದ ಒಕ್ಕ, ಅಂದರೆ ಕೊಡವ ಮನೆತನ, ಕೊಡಗಿನಲ್ಲಿ ಸಿಗುವುದು ಕಷ್ಟ. ಗೇಟಿನ ಮೇಲಿನ ಫಲಕ ಬರೆಸುವಾಗ ಕರ್ನಲ್ ಪದಕ್ಕೆ ಎಲ್ಲರೂ ಒಮ್ಮೆ ತಡೆಯುತ್ತಾರೆ. ಸಿ-ಓ-ಎಲ್-ಓ-ಎನ್-ಇ-ಎಲ್. 'ರ' ಎಲ್ಲಿ? ಇಟಲಿಯವರ ಕೊಲೊನ್ನೆಲ್ಲೊ, ಅಂದರೆ ಸೈನ್ಯದ ಸಾಲಿನ ಮುಂದಾಳು, ಕಾಲಮ್ ಪದದ ಬಳಗ. ಫ್ರೆಂಚರಿಗೆ ಎರಡು 'ಲ' ಒಟ್ಟಿಗೆ ಹೇಳುವುದು ಕಷ್ಟವಾಗಿ ಒಂದನ್ನು 'ರ' ಮಾಡಿದರು. ಇಂಗ್ಲಿಷರು ಮೊದಲು 'ರ' ಇರುವ ರೂಪವನ್ನೇ ತಗೊಂಡರು. ಆಮೇಲೆ ಬರಹವನ್ನು ಇಟಲಿಯ ರೀತಿಗೆ ತಿದ್ದಿಕೊಂಡರು, ಬಾಯಿಯನ್ನು ತಿದ್ದಿಕೊಳ್ಳಲಿಲ್ಲ. ಬರೆಯುವಾಗ ಕಾಲಮ್ ನೆನೆಸಿಕೊಳ್ಳಿ, 'ಎಲ್' ತಾನಾಗಿ ಬರುತ್ತದೆ.

ಲೆಫ್ಟಿನೆಂಟ್ ಒಡೆದರೆ 'ಲಿಯು' ಮತ್ತು 'ಟೆನೆಂಟ್'. ಜಾಗ ಹಿಡಿದವನು, ಅಂದರೆ ಮೇಲಿನವರ ಬದಲಿಗೆ ನಿಂತವನು. ಬಾಡಿಗೆದಾರನ ಟೆನೆಂಟ್ ಕೂಡ ಇದೇ. ಬ್ರಿಟಿಷರ ಹಾಗೆ ನಮ್ಮ ಸೈನ್ಯದವರೂ 'ಲೆಫ್' ಅನ್ನುತ್ತಾರೆ, ಅಮೆರಿಕದವರು 'ಲೂ' ಅನ್ನುತ್ತಾರೆ. ಬರಹ ಒಂದೇ.

ಮಾರ್ಷಲ್‌ಗೆ ಒಂದೇ ಎಲ್. ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. ಅವರ ಹೆಸರಿನ ಮುಂದೆ ಎರಡು ಎಲ್ ಬರೆದ ಬ್ಯಾನರ್ ನೋಡಿದರೆ ನನಗೆ ಕಸಿವಿಸಿ. ಪದದ ಮೂಲ ಅರ್ಥ ಕುದುರೆ ನೋಡಿಕೊಳ್ಳುವ ಆಳು. ಲಾಯದಿಂದ ಹೊರಟು ಸೈನ್ಯದ ತುದಿಗೆ ಏರಿದ ಪದ. ಕೋರ್ಟ್ ಮಾರ್ಷಲ್‌ನ ಪದ ಇದಲ್ಲ. ಅದು ಯುದ್ಧದೇವತೆ ಮಾರ್ಸ್‌ನದು, ಅದರ ನಡುವೆ ಟಿ-ಐ ಬರುತ್ತದೆ.

ಮೆನು ಕಾರ್ಡು

ನಮ್ಮಲ್ಲಿ ಕೊಟ್ಟಿಗೆಯಲ್ಲಿದ್ದರೂ ಪಂದಿ, ತಟ್ಟೆಗೆ ಬಂದರೂ ಪಂದಿ. ಇಂಗ್ಲಿಷಿನಲ್ಲಿ ಸಾಕುವಾಗ ಪಿಗ್, ತಿನ್ನುವಾಗ ಪೋರ್ಕ್. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ದೊಡ್ಡವರ ಮನೆಯ ಮಾತು ಫ್ರೆಂಚ್ ಆಯಿತು. ಊಟದ ಮೇಜಿನ ಪದಗಳು ಹಾಗಾಗಿ ಫ್ರೆಂಚ್: ಪೋರ್ಕ್, ಬೀಫ್, ಮಟನ್.

ಕಾಚಂಪುಳಿಯನ್ನು ಪ್ರವಾಸಿಗರಿಗೆ 'ಕೂರ್ಗ್ ವಿನೆಗರ್' ಅಂತ ಪರಿಚಯಿಸುವವರಿದ್ದಾರೆ. ವಿನೆಗರ್ ಅಂದರೆ ಫ್ರೆಂಚಿನಲ್ಲಿ 'ವಿನ್' ಮತ್ತು 'ಎಗ್ರ್', ಹುಳಿ ವೈನ್. ವಿ-ಐ-ಎನ್, ಇ, ಜಿ-ಎ-ಆರ್. ನಮ್ಮದು ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ್ದು, ವೈನಿಗೂ ಅದಕ್ಕೂ ಸಂಬಂಧ ಇಲ್ಲ. ಕಾಚಂಪುಳಿ ಅಂತಲೇ ಬರೆದು ಕೆಳಗೆ ಒಂದು ಸಾಲು ವಿವರಣೆ ಕೊಡುವುದು ವಾಸಿ. ಊಟದ ಕೊನೆಯ ಸಿಹಿ, ಅಂದರೆ ಡೆಸರ್ಟ್‌ಗೆ ಎರಡು ಎಸ್. ಫ್ರೆಂಚಿನಲ್ಲಿ ಮೇಜು ಖಾಲಿ ಮಾಡುವುದು ಅಂತ ಮೂಲ. 'ಡಿಸ್' ಮತ್ತು 'ಸರ್ವ್' ಸೇರಿದ ಪದ, ಎರಡೂ ಕಡೆಯ ಎಸ್ ಉಳಿದಿದೆ. ಒಂದೇ ಎಸ್ ಹಾಕಿದರೆ ಮರುಭೂಮಿ ಬಡಿಸಿದ ಹಾಗೆ. ಏಲಕ್ಕಿಯ ಕಾರ್ಡಮಮ್ ಗ್ರೀಕಿನಿಂದ ಬಂದದ್ದು, ಕೊನೆಗೆ ಎನ್ ಅಲ್ಲ, ಎಂ.

ನಮ್ಮ ಕಡೆಯಿಂದ ಹೋದವು

ಮಲಯಾಳಂನ ತೇಕ್ಕ್, ಅಡಕ್ಕ, ಚಕ್ಕ ಈ ಮೂರನ್ನೂ ಪೋರ್ಚುಗೀಸರು ಹಡಗು ಹತ್ತಿಸಿದರು. ಇಂಗ್ಲಿಷಿನಲ್ಲಿ ಟೀಕ್, ಅರೇಕಾ, ಜಾಕ್ ಆಗಿ ಇಳಿದವು. ಹಲಸಿನ ಹಣ್ಣಿನ ಜಾಕ್ ಯಾವ ದೊರೆಯ ಹೆಸರೂ ಅಲ್ಲ, ಚಕ್ಕದ ತಿರುಚಿದ ರೂಪ ಅಷ್ಟೆ. ಕೊಡಗಿನ ಕಿತ್ತಳೆಯ ಇಂಗ್ಲಿಷ್ ಹೆಸರು ಆರೆಂಜ್. ಅದು ದ್ರಾವಿಡ ಬೇರಿನಿಂದ ಸಂಸ್ಕೃತದ ನಾರಂಗ, ಪಾರಸಿಯ ನಾರಂಗ್, ಅರಬ್ಬಿಯ ನಾರಂಜ್ ಆಗಿ ಯುರೋಪಿಗೆ ಹೋಯಿತು. ಫ್ರೆಂಚಿನ ಹೊತ್ತಿಗೆ ಮೊದಲ 'ನ' ಉದುರಿತ್ತು. ಇಂಗ್ಲಿಷಿನ ಒಳಗೂ ಇಂಥ ಕಳ್ಳತನ ನಡೆದಿದೆ. 'ಎ ನೇಪ್ರನ್' ಅನ್ನುವುದು 'ಆನ್ ಏಪ್ರನ್' ಆಯಿತು. 'ಎ ನ್ಯಾಡರ್' ಅನ್ನೋ ಹಾವು 'ಆನ್ ಆಡರ್' ಆಯಿತು.

ಕಟ್ಟುಕತೆಗಳನ್ನು ಜರಡಿ ಹಿಡಿಯಿರಿ

ವಾಟ್ಸಾಪ್‌ನಲ್ಲಿ ಪದಗಳ ಹುಟ್ಟಿನ ಕತೆ ದಿನಕ್ಕೊಂದು ಬರುತ್ತದೆ. ಟಿಪ್ ಅಂದರೆ ಸೇವೆ ಬೇಗ ಸಿಗಲಿ ಅಂತ ಕೊಡುವ ಹಣದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ, ನ್ಯೂಸ್ ಅಂದರೆ ನಾಲ್ಕು ದಿಕ್ಕುಗಳ ಮೊದಲಕ್ಷರ, ಗಾಲ್ಫ್ ಅಂದರೆ ಗಂಡಸರಿಗೆ ಮಾತ್ರ ಅನ್ನೋ ಸಾಲಿನ ಸಂಕ್ಷೇಪ. ಮೂರೂ ಸುಳ್ಳು. ನ್ಯೂಸ್ ಅಂದರೆ ಹೊಸ ಸಂಗತಿಗಳು, 'ನ್ಯೂ' ಪದದ ಬಹುವಚನ ಅಷ್ಟೆ. ಹಳೆಯ ಪದವನ್ನು ಮೊದಲಕ್ಷರಗಳಿಂದ ಬಿಡಿಸುವ ಕತೆ ಬಂದರೆ ಅನುಮಾನಪಡಿ. ಹಾಗೆ ಪದ ಕಟ್ಟುವ ಚಟ ಹೆಚ್ಚಾಗಿದ್ದು 20ನೇ ಶತಮಾನದಲ್ಲಿ.

ಎಲ್ಲವೂ ನಮ್ಮಿಂದಲೇ ಹೋಯಿತು ಅನ್ನೋ ಉತ್ಸಾಹವೂ ಬೇಡ. 'ನೇಮ್' ಸಂಸ್ಕೃತದ ನಾಮದಿಂದ ಹೋದದ್ದಲ್ಲ. ಎರಡೂ ಒಂದೇ ಹಳೆಯ ಭಾಷೆಯ ಮಕ್ಕಳು. ಕನ್ನಡದ 'ಒಂದು', ಇಂಗ್ಲಿಷಿನ 'ಒನ್' ಕೇಳಲು ಹತ್ತಿರ. ಅವು ಆಕಸ್ಮಿಕ, ನೆಂಟಸ್ತಿಕೆ ಏನೂ ಇಲ್ಲ.

ಬೋರ್ಡು ಬರೆಸುವ ಮೊದಲು

ಮೂಲಕ್ಕಿಂತ ಬಳಕೆಯ ತಪ್ಪು ಬೋರ್ಡಿನಲ್ಲಿ ಜಾಸ್ತಿ ಕಣ್ಣಿಗೆ ಬೀಳುತ್ತದೆ. ರೂಮ್ಸ್, ಸ್ಪೈಸಸ್ ಅಂತ ಬಹುವಚನ ಬರೆಯುವಾಗ ಎಸ್‌ಗಿಂತ ಮೊದಲು ಮೇಲೆ ಕೊಂಬು, ಅಂದರೆ ಅಪಾಸ್ಟ್ರಫಿ, ಹಾಕಬೇಡಿ. ಆ ಕೊಂಬು ಒಡೆತನಕ್ಕೆ, ಇಲ್ಲವೇ ಬಿಟ್ಟ ಅಕ್ಷರದ ಜಾಗಕ್ಕೆ. ಲಗೇಜ್, ಫರ್ನಿಚರ್, ಇನ್ಫರ್ಮೇಶನ್ ಪದಗಳಿಗೆ ಎಸ್ ಹಚ್ಚಬೇಡಿ. ಹಿಂದಿನ ಬಾಗಿಲಿಗೆ 'ಬ್ಯಾಕ್‌ಸೈಡ್' ಅಂತ ಬರೆದರೆ ಹೊರದೇಶದ ಅತಿಥಿಗಳು ಮುಸಿಮುಸಿ ನಗುತ್ತಾರೆ, ಅವರಿಗೆ ಅದು ಕುಂಡೆ. 'ರಿಯರ್' ಅಂತ ಬರೆಸಿ. 'ಪ್ರಿಪೋನ್' ನಮ್ಮ ದೇಶದ ಪದ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬೇರೆ ದೇಶದವರಿಗೆ ಮೇಲ್ ಬರೆಯುವಾಗ ಬೇರೆ ರೀತಿ ಹೇಳಿ.

ಕಲರ್, ಸೆಂಟರ್ ಥರದ ಪದಗಳಲ್ಲಿ ಅಮೆರಿಕದ ರೂಪ ಬೇರೆ, ಬ್ರಿಟನ್ನಿನದು ಬೇರೆ. ಅಮೆರಿಕದ ರೂಪಗಳು ನಿಲ್ಲಲು 1828ರ ನೋವಾ ವೆಬ್‌ಸ್ಟರ್ ನಿಘಂಟು ದೊಡ್ಡ ಕಾರಣ. ಎರಡೂ ಸರಿ, ಒಂದೇ ಬೋರ್ಡಿನಲ್ಲಿ ಬೆರೆಸಬೇಡಿ. ಊರ ಹೆಸರಿಗೆ ಮಡಿಕೇರಿ, ಕೊಡಗು ಅಂತಲೇ ಬರೆಸಿ. ಕೂರ್ಗ್ ಬೇಕೇ ಬೇಕು ಅಂದರೆ ಜೊತೆಗೆ ಇರಲಿ. ಮಡಿಕೇರಿಯ ಹಳೆಯ ಇಂಗ್ಲಿಷ್ ಹೆಸರು ಮರ್ಕೆರಾ ಅಂದರೆ ಈಗ ಹಳೆಯ ಕಾಗದಪತ್ರ ನೋಡಿದವರಿಗೆ ಮಾತ್ರ ಗೊತ್ತು.

ಕೊನೆಗೆ, ಬೋರ್ಡು ಬರೆಯುವವರಿಗೆ ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಬೇಡಿ. ಟೈಪ್ ಮಾಡಿ ಕಳಿಸಿ, ಪೇಂಟ್ ಹಚ್ಚುವ ಮೊದಲು ಪೆನ್ಸಿಲ್ ಗೆರೆಯ ಫೋಟೋ ತರಿಸಿಕೊಳ್ಳಿ, ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ಬೆರಳಿಟ್ಟು ಓದಿ. ಹಾಗೆ ಓದಿದರೆ ಕಣ್ಣು ಪದವನ್ನು ಊಹಿಸಿಕೊಂಡು ಓಡಲು ಆಗುವುದಿಲ್ಲ. ಅಡ್ವಾನ್ಸ್ ಕೊಡುವುದು ಆಮೇಲೆ.